ಅರಿಶಿನದ ಹಾಲು ಮಿದುಳಿನವರೆಗೆ ಹೋಗುವುದೇ?

ಅರಿಶಿನ ಮತ್ತು ಪಾರ್ಶ್ವವಾಯುವಿನ ಕುರಿತ ಲೇಖನವೊಂದನ್ನು ಓದಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಇಲಿಗಳ ಮಿದುಳನ್ನು ಪಾರ್ಶ್ವವಾಯುವಿನ ಹಾನಿಯಿಂದ ಕಾಪಾಡಿತು ಎಂಬಲ್ಲಿಗೆ ಲೇಖಕರು ನಿಲ್ಲಿಸಿದ್ದರೆ ನನ್ನ ತಕರಾರಿರಲಿಲ್ಲ. ‘ಆದ್ದರಿಂದ ದಿನವೂ ಅರಿಶಿನದ ಹಾಲು ಕುಡಿಯಿರಿ’ ಎಂದು ಒಂದೇ ನೆಗೆತಕ್ಕೆ ಅಡುಗೆಮನೆಗೆ ಬಂದುಬಿಟ್ಟರಲ್ಲ! ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರ ಆಸುಪಾಸು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶ ಬೆರೆಸಿದ ಮೇಲಷ್ಟೇ ಅದರ ಮಟ್ಟ ಏರಿತು. ರಕ್ತಕ್ಕೇ ಸರಿಯಾಗಿ ಸೇರದ್ದು ಮಿದುಳಿಗೆ ಹೇಗೆ ಹೋದೀತು? ಸಸ್ಯಮೂಲವನ್ನು ಹಳಿಯುತ್ತಿಲ್ಲ. ಸೆಲರಿ ಎಂಬ ಸೊಪ್ಪಿನ ಬೀಜದಲ್ಲಿ ಕಂಡ ಬ್ಯುಟೈಲ್‌ಥಾಲೈಡ್ ಎಂಬ ರಾಸಾಯನಿಕ ಚೀನಾದಲ್ಲಿ 2002ರಿಂದ ಪಾರ್ಶ್ವವಾಯುವಿನ ಔಷಧವೇ ಆಗಿದೆ. ಆದರೆ ಅದು ಅಳೆದು ಕೊಡುವ ಮದ್ದು, ಸೊಪ್ಪಿನ ರಸವಲ್ಲ.

ನಮ್ಮ ಮಾವನವರಿಗೆ ಬೆಳಗಿನ ಜಾವ ಪಾರ್ಶ್ವವಾಯು ಬಡಿದು ಬಾಯಿ ಸೊಟ್ಟಗಾದಾಗ ಪಕ್ಕದ ಮನೆಯವರು ಅಕ್ಕರೆಯಿಂದಲೇ ಕಷಾಯ ಕುಡಿಸಿದರು. ಅದು ಕಟವಾಯಿಯಿಂದ ಬನಿಯನ್ನಿನ ಮೇಲೆ ಇಳಿಯಿತು, ಉಳಿದದ್ದು ನೆತ್ತಿಗೇರಿ ಕೆಮ್ಮು ಹತ್ತಿತು. ಮಿದುಳಿನ ರಕ್ತನಾಳದಲ್ಲಿನ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ನಾವು ಆಸ್ಪತ್ರೆ ಮುಟ್ಟಿದ್ದು ಆರನೆಯ ಗಂಟೆಗೆ. ಇಂದಿಗೂ ಅವರು ಅಂಗಿಯ ಗುಂಡಿಯನ್ನು ಎಡಗೈಯೊಂದರಲ್ಲೇ ಹಾಕಿಕೊಳ್ಳುತ್ತಾರೆ.