ಶೇಕಡಾವಾರು ಹೇಳುವವರು ನೂರು ಜನ, ಪತ್ರ ಬರೆಯುವವರು ಎಲ್ಲಿದ್ದಾರೆ?

ಭಾನುವಾರ ಸರಸ್ವತಿಪುರಂನ ಒಂದು ಕಚೇರಿಯಿಂದ ಹೊರಗೆ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಸೀಟು ಕೊಡಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡಿರುವ ಕಚೇರಿ ಅದು. ಹೆಸರು ಬೇಡ. ಅಂಥವು ಈಗ ಮೈಸೂರಿನ ಬಡಾವಣೆಗೊಂದು ಇವೆ. ಅಲ್ಲಿನ ಸಲಹೆಗಾರ ಹದಿನೇಳು ವರ್ಷದ ಹುಡುಗಿಯೊಬ್ಬಳ ಎಸ್‌ಎಸ್‌ಎಲ್‌ಸಿ ಅಂಕ, ಪ್ರಥಮ ಪಿಯುಸಿ ಅಂಕ, ಅಪ್ಪನ ವರಮಾನ ಎಲ್ಲವನ್ನೂ ಲ್ಯಾಪ್‌ಟಾಪಿಗೆ ತುಂಬಿ, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. ಅಮೆರಿಕದ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಈಕೆಗೆ ಸೀಟು ಸಿಗುವ ಸಾಧ್ಯತೆ ಶೇ. 11 ಎಂದು ಅದರಲ್ಲಿತ್ತು.

ಹುಡುಗಿಯ ಅಪ್ಪ ಮಂಡ್ಯದ ಸರ್ಕಾರಿ ಪಿಯು ಕಾಲೇಜಿನಲ್ಲಿ ನನ್ನ ಬಳಿ ಭೌತಶಾಸ್ತ್ರ ಕಲಿತವನು. ಈಗ ಪಾಂಡವಪುರ ತಾಲೂಕಿನ ತನ್ನ ಊರಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಾನೆ. "ಇದು ಹೆಚ್ಚಾಗಬೇಕಾದರೆ ಏನು ಮಾಡಬೇಕು ಸರ್?" ಎಂದು ಕೈಕಟ್ಟಿ ಕೇಳಿದ. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು. ಮೂರೂವರೆ ಲಕ್ಷ ರೂಪಾಯಿಯ ಪ್ಯಾಕೇಜ್ ತೆಗೆದುಕೊಂಡರೆ ಶೇ. 28. ಸಂಶೋಧನಾ ಲೇಖನವೊಂದರಲ್ಲಿ ಹೆಸರು ಹಾಕಿಸುತ್ತಾರಂತೆ, ಅವಳ ಹೆಸರಿನಲ್ಲಿ ಸೇವಾ ಸಂಸ್ಥೆಯೊಂದನ್ನು ಹುಟ್ಟುಹಾಕಿಸುತ್ತಾರಂತೆ, ಪ್ರಬಂಧವನ್ನು "ತಿದ್ದಿ" ಕೊಡುತ್ತಾರಂತೆ. ನನ್ನ ಹಳೆಯ ವಿದ್ಯಾರ್ಥಿ ಮನಸ್ಸಿನಲ್ಲೇ ಯಾವ ಗದ್ದೆ ಅಡವಿಡಬಹುದು ಎಂದು ಲೆಕ್ಕ ಹಾಕುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ನಾನು ಎದ್ದು ನಿಂತೆ. ಅವನ ಭುಜ ಹಿಡಿದು ಎಬ್ಬಿಸಿದೆ.

ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಗಾಡಿಯನ್ನು ತೂಗುವಂತೆ ಒಂದು ಮಗುವನ್ನು ತೂಗಿ ಚೀಟಿ ಕೊಡುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಆ ಹನ್ನೊಂದು ಎಲ್ಲಿಂದ ಬಂತು ಎಂದು ಕೇಳಿದೆ. "ನಮ್ಮ ಡೇಟಾ" ಎಂದರು. ಎಂಐಟಿ ತಾನೇ ಪ್ರಕಟಿಸಿರುವ ಲೆಕ್ಕ ನೋಡಿ. 2024ರಲ್ಲಿ ಸೇರಿದ ತಂಡಕ್ಕೆ ಬಂದ ಅರ್ಜಿಗಳು 28,232, ಆಯ್ಕೆಯಾದವರು 1,275. ನೂರಕ್ಕೆ ಐದೂ ಇಲ್ಲ. ಅದರಲ್ಲಿ ವಿದೇಶಿ ವಿದ್ಯಾರ್ಥಿಗಳ ಪಾಲು ಹತ್ತನೇ ಒಂದರ ಆಸುಪಾಸು, ಅದನ್ನು ಇಡೀ ಜಗತ್ತು ಹಂಚಿಕೊಳ್ಳಬೇಕು. ಹಾಗಿರುವಾಗ ಹನ್ನೊಂದು ಎಂಬುದೇ ಕಟ್ಟುಕತೆ, ಇಪ್ಪತ್ತೆಂಟು ಅದಕ್ಕಿಂತ ದೊಡ್ಡ ಕಟ್ಟುಕತೆ. ಅದಕ್ಕಿಂತಲೂ ಮುಖ್ಯವಾದ ಮಾತೆಂದರೆ, ನೂರರಲ್ಲಿ ಐವರು ಎಂಬುದು ಅರ್ಜಿ ಹಾಕಿದ ಗುಂಪಿನ ಲೆಕ್ಕ. ಅದು ಯಾವೊಬ್ಬ ಹುಡುಗಿಯ ಹಣೆಬರಹವೂ ಅಲ್ಲ.

ನಮಗೆ ಈ ಶೇಕಡಾವಾರಿನ ಹುಚ್ಚು ಹಿಡಿದದ್ದು ಸಿಇಟಿಯಿಂದ. ಅಲ್ಲಿ ಅದು ಸರಿಯಾದ ದಾರಿಯೇ. ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಕಳೆದ ವರ್ಷ ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಪೈಕಿ ಯಾವ ರ‍್ಯಾಂಕಿಗೆ ಎಸ್‌ಜೆಸಿಇಯಲ್ಲಿ ಸೀಟು ನಿಂತಿತು, ಎನ್‌ಐಇಯಲ್ಲಿ ಎಲ್ಲಿ ನಿಂತಿತು ಎಂಬ ಪಟ್ಟಿ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಇರುತ್ತದೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಸೇರಿಸಿ ನೋಡಿದರೆ ಮನೆಯಲ್ಲೇ ಕುಳಿತು ಹೆಚ್ಚು ಕಡಿಮೆ ಹೇಳಿಬಿಡಬಹುದು. ಐಐಟಿಯಲ್ಲೂ ಹಾಗೆಯೇ, ರ‍್ಯಾಂಕೇ ಅಂತಿಮ. ಆದರೆ ಆ ಲೆಕ್ಕವನ್ನು ಹೊತ್ತುಕೊಂಡು ಹೋಗಿ ಹಾರ್ವರ್ಡಿಗೋ ಎಂಐಟಿಗೋ ಹಚ್ಚುವುದು ಶುದ್ಧ ಅಜ್ಞಾನ. ಅಲ್ಲಿ ಅಂಕ ಬಾಗಿಲ ತನಕ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಹೊಸ್ತಿಲ ಹತ್ತಿರ ನಿಂತಿರುವವರೆಲ್ಲರೂ 625ಕ್ಕೆ 620 ತೆಗೆದವರೇ. ಆಮೇಲೆ ಅವರು ಓದುವುದು ಪ್ರಬಂಧಗಳನ್ನು, ಶಾಲೆ ಎಂಥದು ಎಂಬ ವಿವರವನ್ನು ಮತ್ತು ಶಿಕ್ಷಕರ ಪತ್ರಗಳನ್ನು.

ಈ ಶಿಕ್ಷಕರ ಪತ್ರದ ವಿಷಯಕ್ಕೆ ಬಂದಾಗಲೇ ನನ್ನ ಸಿಟ್ಟು ನಿಜವಾಗಿ ನೆತ್ತಿಗೇರುವುದು.

ಎಂಐಟಿ ಇಬ್ಬರು ಶಿಕ್ಷಕರ ಪತ್ರ ಕೇಳುತ್ತದೆ. ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ ಅಥವಾ ಮಾನವಿಕ ವಿಷಯದವರು. ಜೊತೆಗೆ ಕಾಲೇಜಿನ ಕಡೆಯಿಂದ ಒಂದು ಪತ್ರ. ಈ ಹುಡುಗಿ ತರಗತಿಯಲ್ಲಿ ಎಂಥ ಪ್ರಶ್ನೆ ಕೇಳುತ್ತಾಳೆ, ತಪ್ಪಾದಾಗ ಏನು ಮಾಡುತ್ತಾಳೆ, ಪಕ್ಕದವರಿಗೆ ಹೇಗೆ ಹೇಳಿಕೊಡುತ್ತಾಳೆ, ಇವನ್ನೆಲ್ಲ ಕಣ್ಣಾರೆ ಕಂಡವರು ಬರೆಯಬೇಕು. ಬೆಂಗಳೂರಿನ ದುಬಾರಿ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿರುತ್ತಾರೆ. ನಮ್ಮ ಹುಡುಗಿ ಓದುತ್ತಿರುವ ಕಾಲೇಜಿನಲ್ಲಿ ಏನಾಯಿತು ಗೊತ್ತೇ? ಪ್ರಾಂಶುಪಾಲರು ಮುದ್ರಿತ ನಮೂನೆಯಲ್ಲಿ ಹೆಸರು ತುಂಬಿ, "ಇವರ ನಡತೆ ಉತ್ತಮವಾಗಿದೆ" ಎಂಬ ಪ್ರಮಾಣಪತ್ರಕ್ಕೆ ಮೊಹರು ಹಾಕಿ ಕೊಟ್ಟರು. ನಾನೇ ಹೋಗಿ ಭೌತಶಾಸ್ತ್ರದ ಉಪನ್ಯಾಸಕರನ್ನು ಕಂಡೆ. ಒಳ್ಳೆಯ ಮನುಷ್ಯ. ಒಂದೊಂದು ವಿಭಾಗದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ಬೆಳಿಗ್ಗೆ ಏಳಕ್ಕೆ ನೀಟ್ ತರಗತಿ, ಸಂಜೆ ಜೆಇಇ ತರಗತಿ. "ಸರ್, ಆ ಹುಡುಗಿಯ ಅಂಕ ಗೊತ್ತು, ಮುಖ ನೆನಪಾಗುತ್ತಿಲ್ಲ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಮಕ್ಕಳ ಅಂಕವನ್ನು ಫ್ಲೆಕ್ಸ್‌ನಲ್ಲಿ ಹಾಕಿ ಸರ್ಕಲ್ ತುಂಬ ಕಟ್ಟುವ, ಆದರೆ ಉಪನ್ಯಾಸಕನಿಗೆ ಒಂದು ಮಗುವಿನ ಮುಖ ನೋಡುವಷ್ಟು ಪುರುಸೊತ್ತು ಕೊಡದ ವ್ಯವಸ್ಥೆಯ ಮೇಲೆ ಕೋಪವಿದೆ.

ಇದು ಕೇವಲ ನನ್ನ ಕೊರಗಲ್ಲ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಅತಿ ಪ್ರತಿಷ್ಠಿತ ಹನ್ನೆರಡು ವಿಶ್ವವಿದ್ಯಾಲಯಗಳ ಪ್ರವೇಶವನ್ನು ಅಧ್ಯಯನ ಮಾಡಿ ತೋರಿಸಿದರು. ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ಅತಿ ಶ್ರೀಮಂತ ಶೇ. 1 ಕುಟುಂಬಗಳ ಮಕ್ಕಳಿಗೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಅವಕಾಶವಿದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ಆದ್ಯತೆ ಒಂದು ಕಾರಣ, ಕ್ರೀಡಾಪಟುಗಳ ನೇಮಕ ಇನ್ನೊಂದು. ಮೂರನೆಯದು, ದುಬಾರಿ ಖಾಸಗಿ ಶಾಲೆಗಳ ಮಕ್ಕಳಿಗೆ ಓದಿನಾಚೆಯ ವಿಷಯಗಳಲ್ಲಿ ಸಿಗುವ ಹೆಚ್ಚಿನ ಶ್ರೇಯಾಂಕ. ಶಿಕ್ಷಕರ ಪತ್ರ ಲೆಕ್ಕಕ್ಕೆ ಬರುವುದು ಅಲ್ಲಿಯೇ. ಅಂದರೆ ಬಡವರ ಮಗು ಸೋಲುವುದು ಬುದ್ಧಿಯಲ್ಲಲ್ಲ. ಅವಳ ಪರವಾಗಿ ನಾಲ್ಕು ನಿಜವಾದ ಮಾತು ಬರೆಯುವ ದೊಡ್ಡವರು ಇಲ್ಲದ್ದರಿಂದ. ಇನ್ನು ದುಡ್ಡು ಕೊಟ್ಟು ಅವಕಾಶ ಹೆಚ್ಚಿಸಿಕೊಳ್ಳುವ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅಮೆರಿಕವೇ 2019ರಲ್ಲಿ ಕಂಡಿತು. ರಿಕ್ ಸಿಂಗರ್ ಎಂಬ ಸಲಹೆಗಾರ ಸುಳ್ಳು ಕ್ರೀಡಾಪಟುಗಳನ್ನು ಸೃಷ್ಟಿಸಿ, ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿ ಶ್ರೀಮಂತರ ಮಕ್ಕಳಿಗೆ ಸೀಟು ಕೊಡಿಸಿದ್ದು ಬಯಲಾಗಿ, ಕೊನೆಗೆ ಅವನಿಗೆ ಮೂರೂವರೆ ವರ್ಷ ಜೈಲಾಯಿತು.

ಈ ಹುಡುಗಿಗೆ ಅಂಥ ಯಾವ ಸುಳ್ಳೂ ಬೇಕಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗಿನಿಂದ ಅವಳ ಬಳಿ ಒಂದು ನೋಟ್‌ಪುಸ್ತಕವಿದೆ. ಕನ್ನಂಬಾಡಿ ಕಟ್ಟೆಯಿಂದ ಹರಿಯುವ ವಿ.ಸಿ. ನಾಲೆಗೆ ಯಾವ ದಿನ ನೀರು ಬಿಟ್ಟರು, ಯಾವ ದಿನ ನಿಲ್ಲಿಸಿದರು ಎಂದು ಬರೆದಿದ್ದಾಳೆ. ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ, ತಮ್ಮ ಬಾವಿಯಲ್ಲೂ ನಾಲೆಯಿಂದ ದೂರದಲ್ಲಿರುವ ಇನ್ನೆರಡು ಬಾವಿಗಳಲ್ಲೂ ನೀರು ಎಷ್ಟು ಕೆಳಗಿದೆ ಎಂದು ವಾರವಾರ ಅಳೆದಿದ್ದಾಳೆ. ನಾಲೆ ನಿಂತ ಮೇಲೆ ಹತ್ತಿರದ ಬಾವಿ ಎಷ್ಟು ದಿನಕ್ಕೆ ಇಳಿಯಿತು, ದೂರದ್ದು ಎಷ್ಟು ದಿನಕ್ಕೆ ಇಳಿಯಿತು ಎಂಬುದಕ್ಕೆ ರೇಖಾಚಿತ್ರ ಎಳೆದಿದ್ದಾಳೆ. 2023ರ ಬರದಲ್ಲಿ ಕಾವೇರಿಗಾಗಿ ಮಂಡ್ಯ ಬೀದಿಗಿಳಿದಿದ್ದ ತಿಂಗಳುಗಳ ಪುಟಗಳನ್ನು ನೋಡುವಾಗ ನನ್ನ ಕಣ್ಣು ತುಂಬಿತು. ನಮ್ಮಲ್ಲಿ ಎಷ್ಟು ಜನ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯ ನೀರನ್ನು ಬೈದುಕೊಂಡೇ ಜೀವನ ಕಳೆದಿದ್ದೇವೆ! ಅಳೆದು ನೋಡಬೇಕು ಎಂದು ಹೊಳೆದದ್ದು ಹದಿನಾಲ್ಕು ವರ್ಷದ ಮಗುವಿಗೆ.

ಆ ಪುಸ್ತಕವನ್ನು ಅವಳು ಭಾನುವಾರ ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ಸಲಹೆಗಾರ ಎರಡು ಪುಟ ತಿರುಗಿಸಿ, "ಇದಕ್ಕೆ ಸರ್ಟಿಫಿಕೇಟ್ ಇದೆಯೇ?" ಎಂದು ಕೇಳಿದ. ಇಲ್ಲ ಎಂದಾಗ ಮುಚ್ಚಿ ಪಕ್ಕಕ್ಕಿಟ್ಟ. ಎಂಐಟಿಯ ಅರ್ಜಿಯಲ್ಲಿ ಚಟುವಟಿಕೆಗಳನ್ನು ಬರೆಯಲು ಇರುವುದೇ ನಾಲ್ಕು ಜಾಗ. ಇಪ್ಪತ್ತು ಪ್ರಮಾಣಪತ್ರ ಮಾರುವವನಿಗೆ ಈ ವಿಷಯ ಹೇಳುವ ಅಗತ್ಯ ಕಾಣುವುದಿಲ್ಲ.

ಅವನು ಹೇಳಿದ ಇನ್ನೊಂದು ಮಾತಂತೂ ಅಕ್ಷಮ್ಯ. "ಹಣಸಹಾಯ ಕೇಳಿದರೆ ಸೀಟು ಸಿಗುವುದಿಲ್ಲ, ಬ್ಯಾಂಕಿನಲ್ಲಿ ಹಣ ತೋರಿಸಿ" ಎಂದ. ಕೆಲವು ಕಡೆ, ಉದಾಹರಣೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ, ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎಂಬುದನ್ನು ಆಯ್ಕೆಯಲ್ಲಿ ಗಣನೆಗೆ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್ ಇವುಗಳಲ್ಲಿ ವಿದೇಶಿಯರಿಗೂ ಆ ಲೆಕ್ಕವಿಲ್ಲ. ಆಯ್ಕೆ ಮಾಡುವಾಗ ಕುಟುಂಬಕ್ಕೆ ಶುಲ್ಕ ಕಟ್ಟುವ ಶಕ್ತಿ ಇದೆಯೇ ಎಂದು ನೋಡುವುದಿಲ್ಲ. ಆಯ್ಕೆಯಾದರೆ ಕುಟುಂಬದ ಕೈಲಾಗದ ಹಣವನ್ನು ವಿಶ್ವವಿದ್ಯಾಲಯವೇ ಭರಿಸುತ್ತದೆ. ಅರ್ಜಿ ಶುಲ್ಕಕ್ಕೂ ವಿನಾಯಿತಿ ಕೇಳಬಹುದು. ಕಬ್ಬು ಬೆಳೆಯುವವನ ಮನೆಗೆ ಮೊದಲು ಮುಟ್ಟಬೇಕಾದ ಸುದ್ದಿ ಇದು. ಇದನ್ನು ಮುಚ್ಚಿಟ್ಟು ಗದ್ದೆ ಅಡವಿಡಿಸುವುದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಈ ಸಂಗತಿಯನ್ನು ಕುಕ್ಕರಹಳ್ಳಿ ಕೆರೆಯ ಬಳಿ ಸಂಜೆ ನಡೆಯುವಾಗ ಹೇಳಿದೆ. ಗೆಳೆಯರೊಬ್ಬರು, "ಬಡ ಹುಡುಗಿಗೆ ಇಲ್ಲದ ಆಸೆ ಹುಟ್ಟಿಸುವುದು ತಪ್ಪಲ್ಲವೇ? ಸಿಗದಿದ್ದರೆ ಕುಸಿದುಹೋಗುತ್ತಾಳೆ. ಸಿಕ್ಕರೂ ವೀಸಾದ ಗತಿ ಏನೋ. 2025ರಲ್ಲಿ ಹಾರ್ವರ್ಡಿನ ವಿದೇಶಿ ವಿದ್ಯಾರ್ಥಿಗಳನ್ನೇ ಹೊರಹಾಕಲು ಅಲ್ಲಿನ ಸರ್ಕಾರ ಹೊರಟಿರಲಿಲ್ಲವೇ?" ಎಂದರು. ಹೊರಟಿತ್ತು, ನ್ಯಾಯಾಲಯ ತಡೆಯಿತು. ವೀಸಾದ ಆತಂಕ ನನಗೂ ಇದೆ. ಆದರೆ ಆಸೆಯ ಮಾತನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷ ಮಂದಿ, ಐಐಟಿಗಳಲ್ಲಿ ಇದ್ದ ಸೀಟು 17,740. ನೂರರಲ್ಲಿ ಒಬ್ಬರಿಗೆ ಸ್ವಲ್ಪ ಹೆಚ್ಚು. ಅದಕ್ಕಾಗಿ ಎಂಟನೇ ತರಗತಿಯಿಂದಲೇ ಮಕ್ಕಳನ್ನು ಹಾಸ್ಟೆಲಿನಲ್ಲಿ ಕೂಡಿಹಾಕುವಾಗ ಇದೇ ಗೆಳೆಯರು ಆಸೆ ತಪ್ಪು ಎಂದದ್ದನ್ನು ನಾನು ಕೇಳಿಲ್ಲ. ಅಲ್ಲಿ ಮಗುವಿನ ಬಾಲ್ಯವೇ ಹೋಗುತ್ತದೆ. ಇಲ್ಲಿ ಹೋಗುವುದು ಕೆಲವು ವಾರಗಳ ಸಂಜೆ. ಈ ಹುಡುಗಿ ಸಿಇಟಿಯನ್ನೂ ಬರೆಯುತ್ತಾಳೆ, ಜೆಇಇಯನ್ನೂ ಬರೆಯುತ್ತಾಳೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೂ ಅರ್ಜಿ ಹಾಕುತ್ತಾಳೆ. ಅವಳು ಕುಸಿಯುವ ಹುಡುಗಿಯಲ್ಲ.

ವಿಜ್ಞಾನ ಸಂಸ್ಥೆಯ ಹೆಸರು ಬಂದಾಗ ಒಂದು ಮಾತು ಹೇಳಬೇಕೆನಿಸುತ್ತದೆ, ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಯುವರಾಜ ಕಾಲೇಜಿನಲ್ಲಿ ಬಿಎಸ್ಸಿ ಓದುವಾಗ ತರಗತಿಗೆ ಮೊದಲಿಗನಾಗಿದ್ದೆ. ಮೈಸೂರಿನ ರಾಜಮನೆತನ ಜಾಗ ಕೊಟ್ಟ ಆ ಸಂಸ್ಥೆ ರೈಲಿನಲ್ಲಿ ಅರ್ಧ ದಿನದ ದೂರದಲ್ಲಿತ್ತು. ಅದು ಇದೆ ಎಂದು ಗೊತ್ತಿತ್ತು. ನನ್ನಂಥವನು ಅಲ್ಲಿಗೆ ಅರ್ಜಿ ಹಾಕಬಹುದು ಎಂದು ಯಾರೂ ಹೇಳಲಿಲ್ಲ. ಮೇಷ್ಟ್ರ ಕೆಲಸವನ್ನು ಪ್ರೀತಿಯಿಂದಲೇ ಮಾಡಿದೆ, ಆದರೂ ಆ ನೋವು ಈ ವಯಸ್ಸಿನಲ್ಲೂ ಹೋಗಿಲ್ಲ. 1933ರಲ್ಲಿ ಅದೇ ಸಂಸ್ಥೆಯಲ್ಲಿ ಕಮಲಾ ಸೊಹೋನಿ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಅವತ್ತು ಯಾರಾದರೂ ಲೆಕ್ಕ ಹಾಕಿದ್ದರೆ ಅವರ ಅವಕಾಶ ಸೊನ್ನೆ. ಅವರು ಬಿಡಲಿಲ್ಲ, ಷರತ್ತಿನ ಮೇಲೆ ಒಳಗೆ ಹೋದರು, ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಕಚೇರಿಯಿಂದ ಬರುವ ದಾರಿಯಲ್ಲಿ ಹುಡುಗಿ ನನ್ನನ್ನೂ ಕೇಳಿದಳು, "ನನಗೆ ಸಿಗುತ್ತದೆಯೇ ಸರ್?" ಎಂದು. ಗೊತ್ತಿಲ್ಲಮ್ಮ ಎಂದೆ. ಸಿಗದೇ ಇರುವುದೇ ಹೆಚ್ಚು, ಅದು ನಿನ್ನ ಬುದ್ಧಿಯ ಮೇಲಿನ ತೀರ್ಪಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿ, ಪ್ರಬಂಧದಲ್ಲಿ ಬಾವಿಯ ಚಿತ್ರ ಹಾಕಲು ಅವಕಾಶವಿದೆಯೇ ಎಂದು ಕೇಳಿದಳು.

ಪತ್ರದ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಅವಳ ಕಾಲೇಜಿನ ಕನ್ನಡ ಉಪನ್ಯಾಸಕಿಯನ್ನು ಯಾರೂ ಕೇಳಿರಲೇ ಇಲ್ಲ. ವಿಜ್ಞಾನದ ಹುಡುಗಿಗೆ ಕನ್ನಡದವರೇಕೆ ಎಂದುಕೊಂಡಿದ್ದರು. ಭಾಷಾ ಶಿಕ್ಷಕರ ಪತ್ರವನ್ನೂ ಕೇಳುತ್ತಾರೆ ಎಂದು ನಾನು ಹೇಳಿದಾಗ ಆಕೆ, "ನಾಲೆಯ ಬಗ್ಗೆ ಬರೆದ ಹುಡುಗಿಯೇ?" ಎಂದು ತಕ್ಷಣ ಗುರುತು ಹಿಡಿದರು. ನಾಲೆ ಬತ್ತಿದ ವರ್ಷದ ಮೇಲೆ ಅವಳು ಬರೆದ ಪ್ರಬಂಧವನ್ನು ತರಗತಿಯಲ್ಲಿ ಓದಿಸಿದ್ದರಂತೆ, ಅದರಲ್ಲಿ ಒಂದು ಲೆಕ್ಕ ತಪ್ಪಿದೆ ಎಂದು ಹುಡುಗಿಯೇ ಮಾರನೆಯ ದಿನ ಬಂದು ತಿದ್ದಿಕೊಂಡಳಂತೆ. ಇಂಥದ್ದನ್ನೇ ಬರೆಯಿರಿ ಎಂದೆ. ಅದೇ ರಾತ್ರಿ ಎರಡು ಪುಟ ಬರೆದು ಕಳುಹಿಸಿದರು.

ವಿಜ್ಞಾನ ಅಥವಾ ಗಣಿತದವರ ಪತ್ರ ಇನ್ನೂ ಆಗಬೇಕು. ಭೌತಶಾಸ್ತ್ರದವರು ನೋಟ್‌ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋಗಿದ್ದಾರೆ, ಹುಡುಗಿಯನ್ನು ಕೂರಿಸಿಕೊಂಡು ಮಾತಾಡುತ್ತೇನೆ ಎಂದಿದ್ದಾರೆ. ಕೊನೆಯ ದಿನಾಂಕ ಜನವರಿಯ ಆರಂಭಕ್ಕೇ ಬರುತ್ತದೆ, ದ್ವಿತೀಯ ಪಿಯು ಪರೀಕ್ಷೆಗೂ ಮೊದಲು. ಮಂಡ್ಯ, ಮೈಸೂರು ಕಡೆಯ ಪಿಯು ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ನಿಮ್ಮ ತರಗತಿಯಲ್ಲಿ ಇಂಥ ಮಗು ಇದ್ದರೆ, ನನಗೆ ಫೋನ್ ಮಾಡಿ. ಕುವೆಂಪುನಗರದ ನನ್ನ ಮನೆಗೆ ಬನ್ನಿ. ಪತ್ರ ಹೇಗೆ ಬರೆಯುವುದು ಎಂದು ಕುಳಿತು ಮಾತಾಡೋಣ. ಇಂಗ್ಲಿಷಿನ ಅಳುಕಿದ್ದರೆ ಕನ್ನಡದಲ್ಲಿ ಹೇಳಿ, ಇಂಗ್ಲಿಷಿಗೆ ತರಲು ನಾನು ಜೊತೆಗೆ ಕೂರುತ್ತೇನೆ.