ಖಾಲಿ ಮನೆ ಇನ್ನೊಂದು ತಿಂಗಳು ಖಾಲಿಯೇ ಇರಲಿ

ಬಾಡಿಗೆಗೆ ಕೊಟ್ಟಿದ್ದ ಮನೆಯ ಕೀಲಿ ಕೊನೆಗೂ ನನ್ನ ಕೈಗೆ ಬಂತು. ಒಳಗೆ ಹೋದವಳು ಮೊದಲು ತೆಗೆದು ನೋಡಿದ್ದು ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟನ್ನ. ಪೈಪಿನ ಜಾಯಿಂಟಲ್ಲಿ ತಿಂಗಳುಗಟ್ಟಲೆ ತೊಟ್ಟಿಕ್ಕಿದ ನೀರಿಗೆ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಹಿಂಬದಿಯ ಗೋಡೆಗೆಲ್ಲ ಕಪ್ಪು ಬೂಷ್ಟು. ಒಂದು ವಾಷರ್ ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಸೋರುತ್ತಿದೆ ಅಂತ ಬಾಡಿಗೆಗಿದ್ದವರು ಹೇಳಲಿಲ್ಲ. ನಾನಾಗಿ ನೋಡಲು ಹೋದರೆ "ಇವತ್ತು ಆಗಲ್ಲ ಮೇಡಂ, ಇನ್ನೊಂದು ದಿನ ಬನ್ನಿ" ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು.

ಬಾಡಿಗೆಯದ್ದೂ ಇದೇ ಕತೆ. ಮೊದಲ 3 ತಿಂಗಳು ಸರಿಯಾಗಿ ಬಂತು. ಆಮೇಲೆ 5ನೇ ತಾರೀಖು 15 ಆಯಿತು, 15 ಹೋಗಿ 28 ಆಯಿತು, ಆಮೇಲೆ ಅರ್ಧರ್ಧ ಹಾಕತೊಡಗಿದರು. ಪಾಪ, ಏನೋ ಕಷ್ಟ ಇರಬೇಕು ಅಂತ ಸುಮ್ಮನಿದ್ದೆ. ಕಷ್ಟ ನಿಜವೇ ಇದ್ದಿರಬಹುದು, ಅದನ್ನು ಅನುಮಾನಿಸಲ್ಲ. ಆದರೆ ವಕೀಲರು "ಯಾವ ತಿಂಗಳದ್ದು ಎಷ್ಟು ಬಾಕಿ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಅರ್ಧ ಹಣ ಬಂದಾಗಲೆಲ್ಲ "ಇದು ಇಂಥ ತಿಂಗಳ ಬಾಬ್ತು, ಇಷ್ಟು ಉಳಿದಿದೆ" ಅಂತ ಒಂದು ಸಾಲು ಮೆಸೇಜ್ ಹಾಕಿದ್ದರೂ ಸಾಕಿತ್ತು. ಮನೆ ಬಾಡಿಗೆಗೆ ಕೊಟ್ಟವರು ದಯವಿಟ್ಟು ಇದೊಂದನ್ನು ಮಾಡಿ.

ನೀರಿನ ವಾಲ್ವ್ ಮುಚ್ಚಿಬಿಡು, ಅವರು ಹೊರಗೆ ಹೋದಾಗ ಬೀಗ ಬದಲಾಯಿಸು ಅಂತ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಒಳಗೆ ಸಣ್ಣ ಮಗುವಿತ್ತು. ಬಾಕಿ ವಸೂಲಿಗಾಗಿ ಮಗುವಿನ ನೀರು ನಿಲ್ಲಿಸುವವಳು ನಾನಲ್ಲ. ಹಾಗೆ ಮಾಡುವುದನ್ನು ಹೆಚ್ಚಿನ ಕಡೆ ಕಾನೂನೂ ಒಪ್ಪಲ್ಲ. ಕೈಯಲ್ಲಿದ್ದ ನ್ಯಾಯವನ್ನೂ ಕಳೆದುಕೊಂಡು ನಾವೇ ಅಪರಾಧಿಗಳಾಗುತ್ತೇವೆ. ಲಿಖಿತ ನೋಟಿಸ್ ಕೊಟ್ಟೆ. ಕೊನೆಗೆ ಎದುರು ಕೂತು ಮಾತಾಡಿದೆವು: 2 ತಿಂಗಳ ಬಾಕಿ ನಾನು ಬಿಡುವುದು, ಒಪ್ಪಿದ ದಿನ ಅವರು ಕೀಲಿ ಕೊಡುವುದು. ಬರೆದು ಇಬ್ಬರೂ ಸಹಿ ಹಾಕಿದೆವು. ನೀನು ಸೋತೆ ಅಂದರು ಮನೆಯವರು. ಕೋರ್ಟಿಗೆ ಹೋಗಿದ್ದರೆ ಬಾಡಿಗೆಯೂ ಇಲ್ಲದೆ, ಮನೆಯೂ ಇಲ್ಲದೆ ಎಷ್ಟು ತಿಂಗಳು ಅಲೆಯಬೇಕಿತ್ತೋ! ನನಗೆ ಇದೇ ಲಾಭ ಅನ್ನಿಸಿತು.

ಈಗ ಹೊಸಬರ ವಿಚಾರ. ನನ್ನ ಅಸಲಿ ತಪ್ಪು ಇಲ್ಲೇ ಆಗಿದ್ದು. ಹಿಂದಿನವರನ್ನು ಶನಿವಾರ ನೋಡಿ ಸೋಮವಾರ ಕೀಲಿ ಕೊಟ್ಟಿದ್ದೆ, ಒಂದು ತಿಂಗಳ ಬಾಡಿಗೆ ಹೋದೀತೆಂಬ ಆತುರಕ್ಕೆ. ಮದುವೆಯಾಗಿದೆಯೇ, ಯಾವ ಕಡೆಯವರು ಅಂತೆಲ್ಲ ವಿಚಾರಿಸಿದ್ದೆ. ಅದರಲ್ಲೆಲ್ಲ ಅವರು ಪಾಸಾಗಿದ್ದರು! ಅವರ ಆಗಿನ ಓನರ್‌ಗೂ ಫೋನ್ ಮಾಡಿದ್ದೆ. "ಚಿನ್ನದಂಥ ಜನ" ಅಂದಿದ್ದರು. ಅವರಿಗೆ ಮನೆ ಖಾಲಿಯಾದರೆ ಸಾಕಿತ್ತು ಅಂತ ನನಗೆ ಹೊಳೆದದ್ದು ವರ್ಷವಾದ ಮೇಲೆ.

ಈ ಸಲ ಒಬ್ಬರು 6 ತಿಂಗಳ ಬಾಡಿಗೆ ಒಟ್ಟಿಗೇ ಕೊಡ್ತೀನಿ, ನಾಳೆಯೇ ಬರ್ತೀನಿ ಅಂದರು. ಹಳೆಯ ಓನರ್ ನಂಬರ್ ಕೇಳಿದರೆ ಮಾತು ತೇಲಿಸಿದರು. ಬೇಡ ಅಂದೆ. ಮನೆ 7 ವಾರ ಖಾಲಿ ಬಿತ್ತು, ಬೀಳಲಿ ಅಂತ ಬಿಟ್ಟೆ. ಆಮೇಲೆ ಬಂದ ಹುಡುಗಿಯ ಈಗಿನ ಓನರ್‌ಗಿಂತ ಮೊದಲಿನವರನ್ನು ಹುಡುಕಿ ಮಾತಾಡಿದೆ. ಸುಳ್ಳು ಹೇಳಿ ಅವರಿಗೆ ಆಗಬೇಕಾದ್ದೇನೂ ಇಲ್ಲವಲ್ಲ. "ಬಾಡಿಗೆ ಎರಡು ಸಲ ತಡ ಆಗಿತ್ತಮ್ಮ, ಎರಡು ಸಲವೂ ಅವಳೇ ಮೊದಲು ಫೋನ್ ಮಾಡಿ ಹೇಳಿದ್ದಳು" ಅಂದರು ಆ ಹಿರಿಯರು. ಬರೀ ಹೊಗಳಿಕೆಗಿಂತ ಈ ಮಾತು ನನಗೆ ಹೆಚ್ಚು ನಂಬಿಕೆ ತಂದಿತು.

ನಿನ್ನೆ ಇಬ್ಬರೂ ಸೇರಿ ಕೋಣೆ ಕೋಣೆ ಓಡಾಡಿ ಗೋಡೆಯ ಬಿರುಕು, ನೆಲದ ಕಲೆ, ಕರೆಂಟ್ ಮೀಟರ್ ಎಲ್ಲದರ ಫೋಟೊ ತೆಗೆದುಕೊಂಡೆವು. ಅವಳೇ ಸಿಂಕ್ ಕೆಳಗೆ ಬಗ್ಗಿ, ಮೊಬೈಲ್ ಟಾರ್ಚ್ ಬಿಟ್ಟು, ಹೊಸ ಪೈಪಿನ ಸುತ್ತ ಬೆರಳಾಡಿಸಿ ನೋಡಿದಳು. "ಬಚ್ಚಲಿನ ನಲ್ಲಿಯೂ ಸ್ವಲ್ಪ ಸಡಿಲ ಇದೆ ಆಂಟಿ" ಅಂದಳು. ಪ್ಲಂಬರ್ ನಾಳೆ ಬೆಳಿಗ್ಗೆ ಬರುತ್ತಾರೆ.