ಡ್ರ್ಯಾಗನ್ ಹಾರಲಿ, ಕುದುರೆ ಹುಲ್ಲು ತಿನ್ನಲಿ

ಫ್ಯಾಂಟಸಿ ಕಾದಂಬರಿಯ ಡ್ರ್ಯಾಗನ್ ಬೆಂಕಿ ಉಗುಳಿದರೆ ನನ್ನ ತಕರಾರಿಲ್ಲ. ಅಷ್ಟು ದೊಡ್ಡ ಮೈ ಹೇಗೆ ಹಾರುತ್ತದೆ ಎಂಬ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದಾಗಿದೆ. ತಕರಾರಿರುವುದು ಕುದುರೆಯ ವಿಷಯದಲ್ಲಿ. ನಾಯಕ ಸಂಜೆ ಏರಿ ಕೂತರೆ ರಾತ್ರಿಯಿಡೀ ನಾಗಾಲೋಟ. ಬೆಳಗ್ಗೆ ಪಕ್ಕದ ರಾಜ್ಯದಲ್ಲಿ ಇಳಿದು ಮರಕ್ಕೆ ಕಟ್ಟುತ್ತಾನೆ. ನೀರಿಲ್ಲ, ಮೇವಿಲ್ಲ, ಲದ್ದಿಯಂತೂ ಮೊದಲೇ ಇಲ್ಲ.

ನಿಜವಾದ ಕುದುರೆ ನಾಗಾಲೋಟದಲ್ಲಿ ಮೂರ್ನಾಲ್ಕು ಕಿ.ಮೀ. ಓಡಿದರೆ ಏದುಸಿರು ಬಿಡುತ್ತದೆ. ನಡಿಗೆಯಲ್ಲಿ ಗಂಟೆಗೆ 6 ಕಿ.ಮೀ., ಕುಕ್ಕುಲೋಟದಲ್ಲಿ 12–13. ದಿನಗಟ್ಟಲೆ ಸಾಗಬೇಕಾದರೆ ದಿನಕ್ಕೆ 40–50 ಕಿ.ಮೀ. ದಾಟಿಸಬಾರದು. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ 8–10 ಕಿಲೋ ಒಣಮೇವು, 25–40 ಲೀಟರ್ ನೀರು ಬೇಕು. ಐನೂರು ಸವಾರರನ್ನು ಮರುಭೂಮಿ ದಾಟಿಸುವ ಲೇಖಕರು ದಿನಕ್ಕೆ ನಾಲ್ಕೈದು ಟನ್ ಹುಲ್ಲನ್ನು ಯಾರ ತಲೆಗೆ ಹೊರಿಸಿದ್ದಾರೋ ತಿಳಿಯದು.

ಬೆನ್ನಿಗೆ ಉದ್ದಗತ್ತಿ ಕಟ್ಟಿಕೊಂಡ ನಾಯಕರದು ಇನ್ನೊಂದು ಫಜೀತಿ. ಅಲಗು ತೋಳಿಗಿಂತ ಉದ್ದವಿದ್ದರೆ ಭುಜದ ಮೇಲಿಂದ ಎಷ್ಟು ಎಳೆದರೂ ತುದಿ ಒರೆಯಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಎದುರಾಳಿ ತನ್ನ ಕೆಲಸ ಮುಗಿಸಿ ಮನೆಗೆ ಹೋಗಿರುತ್ತಾನೆ.

ಚಂದ್ರನ ಗೋಳು ಕೇಳುವುದೇ ಬೇಡ. ನಡುರಾತ್ರಿ, ಕೋಟೆಯ ನೆತ್ತಿಯ ಮೇಲೆ ಗೆರೆಯಷ್ಟು ಚಂದ್ರ! ಗಣೇಶನ ಚೌತಿಯ ದಿನ ತಲೆ ತಗ್ಗಿಸಿಕೊಂಡು ಓಡಾಡುವ ನಮ್ಮವರಿಗೆ ಗೊತ್ತು, ರಾತ್ರಿ ಒಂಬತ್ತರ ಹೊತ್ತಿಗೆ ಆ ಚಂದ್ರ ಮುಳುಗಿ ಅಪವಾದದ ಭಯ ತೀರಿರುತ್ತದೆ. ಬಿದಿಗೆಯ ಚಂದ್ರ ಇನ್ನೂ ಬೇಗ. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ತಮ್ಮ ಉಂಗುರದ ಕಥೆಯಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಚಂದ್ರನ ಲೆಕ್ಕ ತಾಳೆಯಾಗಲಿಲ್ಲವೆಂದು ಘಟನೆಗಳ ದಿನಗಳನ್ನೇ ತಿದ್ದಿದರು. ಅವರ ಎಲ್ಫುಗಳನ್ನು ನಾನು ನಂಬುವುದಕ್ಕೆ ಅದೂ ಒಂದು ಕಾರಣ.

ವೈಜ್ಞಾನಿಕ ಕಾದಂಬರಿಗಳಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಫೋನು. ಮಂಗಳದಲ್ಲಿರುವ ಗಂಡ, ಭೂಮಿಯಲ್ಲಿರುವ ಹೆಂಡತಿ, ಥಟ್ ಥಟ್ಟೆಂದು ಜಗಳ. ಸಂದೇಶ ಒಂದು ದಿಕ್ಕಿಗೆ ಹೋಗಲು ಗ್ರಹಗಳು ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ ಬೇಕು. "ಊಟ ಆಯ್ತಾ?" ಎಂದು ಕೇಳಿದರೆ "ಹೂಂ" ಬರುವುದು ಆರು ನಿಮಿಷಕ್ಕೋ ನಲವತ್ನಾಲ್ಕು ನಿಮಿಷಕ್ಕೋ. ಇಷ್ಟು ತಡವಿದ್ದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಈ ಪ್ರಕಾರದ ಓದುಗರು ಬಲು ಜಿಗುಟು. ಅಮೆರಿಕದ ಲೇಖಕ ಲ್ಯಾರಿ ನಿವೆನ್ ಅವರ ವೈಜ್ಞಾನಿಕ ಕಾದಂಬರಿ 'ರಿಂಗ್‌ವರ್ಲ್ಡ್' (1970) ಮೊದಲ ಮುದ್ರಣದಲ್ಲಿ ನಾಯಕ ತನ್ನ ಹುಟ್ಟುಹಬ್ಬವನ್ನು ಹಿಗ್ಗಿಸಲು ಊರಿಂದೂರಿಗೆ ಪೂರ್ವ ದಿಕ್ಕಿಗೆ ಜಿಗಿಯುತ್ತಾನೆ. ಪೂರ್ವಕ್ಕೆ ಹೋದಷ್ಟೂ ಮಧ್ಯರಾತ್ರಿ ಬೇಗ ಬಂದು ಹಬ್ಬ ಕುಗ್ಗುತ್ತದೆ! ಮುಂದಿನ ಮುದ್ರಣದಲ್ಲಿ ಅವನನ್ನು ಪಶ್ಚಿಮಕ್ಕೆ ತಿರುಗಿಸಬೇಕಾಯಿತು. ಅಷ್ಟಕ್ಕೇ ಬಿಡಲಿಲ್ಲ. ಒಂದು ನಕ್ಷತ್ರದ ಸುತ್ತ ಬಳೆಯಂತೆ ಕಟ್ಟಿದ ಆ ಕಾದಂಬರಿಯ ಲೋಕ ಸ್ಥಿರವಾಗಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತದೆಂದು 1971ರ ವೈಜ್ಞಾನಿಕ ಕಥಾಪ್ರಿಯರ ಸಮ್ಮೇಳನದಲ್ಲಿ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ವಿದ್ಯಾರ್ಥಿಗಳು ಘೋಷಣೆಯನ್ನೇ ಕೂಗಿದರು. 1980ರ ಎರಡನೇ ಕಾದಂಬರಿಯಲ್ಲಿ ಬಳೆಯ ಅಂಚಿಗೆ ಅದನ್ನು ಹದ್ದುಬಸ್ತಿನಲ್ಲಿಡುವ ಎಂಜಿನ್‌ಗಳು ಬಂದು ಕೂತವು.

ಐತಿಹಾಸಿಕ ಕಾದಂಬರಿಯ ಅಪಘಾತವೆಲ್ಲ ಅಡುಗೆಮನೆಯಲ್ಲಿ. ಯುದ್ಧ, ಬಿರುದು, ಶಾಸನ ಎಲ್ಲ ಸರಿಯಿರುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನ ಊಟಕ್ಕೆ ಕೂತ ಕೂಡಲೇ ಎಡವಟ್ಟು. ಎಲೆಯ ತುದಿಗೆ ಹಸಿಮೆಣಸಿನಕಾಯಿ ಚಟ್ನಿ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಪಾಯಸದಲ್ಲಿ ಗೋಡಂಬಿ. ಇವೆಲ್ಲ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ದಾರಿ ತೆರೆದುಕೊಂಡು ಇಲ್ಲಿಗೆ ತಲುಪಿದವು. ವಿಷ್ಣುವರ್ಧನನದು 12ನೇ ಶತಮಾನ. ಚಟ್ನಿಗಾಗಿ ಅವನು ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಟೊಮೆಟೊ, ಕಡಲೆಕಾಯಿ, ಪರಂಗಿ, ಸೀಬೆಯೂ ಇದೇ ಗುಂಪಿನವು, ಆದ್ದರಿಂದ ಚೋಳರ ಗೂಢಚಾರ ಸೀಬೆಮರ ಹತ್ತಿ ಅಡಗಿಕೊಳ್ಳುವಂತಿಲ್ಲ. ಮುಸುಕಿನ ಜೋಳದ ವಿಷಯದಲ್ಲಿ ಮಾತ್ರ ತಂಟೆಯಿದೆ: ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಜೋಳದ ತೆನೆಯೇ ಎಂದು ವಾದಿಸಿದವರಿದ್ದಾರೆ, ಅಲ್ಲವೇ ಅಲ್ಲ ಎಂದವರೂ ಇದ್ದಾರೆ. ಕಾದಂಬರಿಕಾರರು ಆ ಹೊಲಕ್ಕೆ ಇಳಿಯದಿರುವುದು ಕ್ಷೇಮ.

ಹಾಗೆಂದು ರಾಜನನ್ನು ಉಪವಾಸ ಕೆಡವಬೇಕಾಗಿಲ್ಲ. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ, ಹುಳಿಗೆ ಹುಣಸೆ, ಗೆಡ್ಡೆ ಬೇಕೆಂದರೆ ಸುವರ್ಣಗೆಡ್ಡೆ, ಒಗ್ಗರಣೆಗೆ ತುಪ್ಪ, ಎಳ್ಳೆಣ್ಣೆ. ಇಡ್ಲಿಗೂ ಅಡ್ಡಿಯಿಲ್ಲ. 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆ ಇದೆ, 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಮಾಡುವ ಕ್ರಮವೂ ಇದೆ. ಆದರೆ ಅದು ಬರೀ ಉದ್ದಿನದು, ಅಕ್ಕಿಯಿಲ್ಲ. "ಮಲ್ಲಿಗೆಯಂಥ ಇಡ್ಲಿ" ಎಂದು ಬರೆಯುವ ಮುಂಚೆ ಯಾರಾದರೂ ಬರೀ ಉದ್ದನ್ನು ಬೇಯಿಸಿ ನೋಡಲಿ.

ಮುಂದೆ ಬಂದರೆ ಬೆಂಕಿಕಡ್ಡಿ. ಗೀರುವ ಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ, ಇಂಗ್ಲೆಂಡಿನಲ್ಲಿ. ಚಿತ್ರದುರ್ಗ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಕೋಟೆಯ ಕಾವಲುಗಾರ ಕಡ್ಡಿ ಗೀರಿ ಪಂಜು ಹಚ್ಚಿದರೆ ಲೆಕ್ಕ ತಪ್ಪಿತು. ಅವನಿಗೆ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಣ ಅರಳೆ ಕೊಡಿ. ಮಳೆಗೆ ಅರಳೆ ತೊಯ್ದರೆ ಕಿಡಿ ಹತ್ತುವುದಿಲ್ಲ. ಎರಡು ಪುಟದ ರೋಚಕತೆ ಬಿಟ್ಟಿ ಸಿಕ್ಕಿತು.

ಇನ್ನು ಹೊತ್ತು. ರಾಜರ ಕಾಲದವರು ನಿಮಿಷ ಎಣಿಸುತ್ತಾ ಮಾತಾಡಿದರೆ ಕಿವಿಗೆ ಕಸಿವಿಸಿ. ಒಂದು ಗಳಿಗೆಗೆ 24 ನಿಮಿಷ, ಜಾವಕ್ಕೆ ಏಳೂವರೆ ಗಳಿಗೆ. ದಳವಾಯಿ "ಅರ್ಧ ಗಳಿಗೆಯಲ್ಲಿ ಬಂದೆ" ಎಂದು ಹೋದವನು ಐವತ್ತು ಪುಟ ಕಳೆದರೂ ಬರಲಿಲ್ಲವೆಂದರೆ ಮಾತ್ರ ಅದಕ್ಕೆ ಲೇಖಕರು ಯಾವ ಶಾಸನದ ಆಧಾರವನ್ನೂ ಕೊಡಬೇಕಾಗಿಲ್ಲ.